'ವೀಕ್ಷಕ ವಿವರಣೆಗಾರ': ಟಿವಿಯಲ್ಲಿ ವೀಕ್ಷಕ ಯಾರು?

ಹುಬ್ಬಳ್ಳಿಯ ಕ್ರಿಕೆಟ್ ಕ್ಲಬ್ಬೊಂದರ ಸ್ಮರಣ ಸಂಚಿಕೆಗೆ ಆಸ್ಟ್ರೇಲಿಯಾದ ರಿಚಿ ಬೆನೊ ಕುರಿತು ಬರೆಯುತ್ತಿದ್ದೇನೆ. ಆಟಗಾರ, ನಾಯಕ ಎನ್ನುವವರೆಗೆ ತೊಡಕಿಲ್ಲ. 63 ಟೆಸ್ಟ್, 248 ವಿಕೆಟ್, 2,201 ರನ್; ಟೆಸ್ಟಿನಲ್ಲಿ 2,000 ರನ್ನೂ 200 ವಿಕೆಟ್ಟೂ ದಾಟಿದ ಮೊದಲಿಗರು. 28 ಟೆಸ್ಟುಗಳಲ್ಲಿ ನಾಯಕರಾಗಿ ಒಂದು ಸರಣಿಯನ್ನೂ ಸೋಲಲಿಲ್ಲ. 1959ರಲ್ಲಿ ಕಾನ್ಪುರದಲ್ಲಿ ಭಾರತದ ಸ್ಪಿನ್ನರ್ ಜಸು ಪಟೇಲ್ 14 ವಿಕೆಟ್ ಕಿತ್ತು ಮಣಿಸಿದ್ದು ಇವರ ತಂಡವನ್ನೇ. ಸರಣಿ ಮಾತ್ರ 2-1ರಿಂದ ಇವರದೇ ಆಯಿತು.

ಆಟ ಬಿಟ್ಟ ಮೇಲಿನ ಬೆನೊ ಅವರಿಗೆ ಕನ್ನಡದಲ್ಲಿ ಏನನ್ನಬೇಕು? ಬಿಬಿಸಿ, ಆಸ್ಟ್ರೇಲಿಯಾದ ಟಿವಿ ವಾಹಿನಿ ಚಾನೆಲ್ ನೈನ್ ಎಂದು ದಶಕಗಟ್ಟಲೆ ಮೈಕ್ ಹಿಡಿದವರು. ಪತ್ರಿಕೆಗಳ ರೂಢಿಯಂತೆ 'ವೀಕ್ಷಕ ವಿವರಣೆಗಾರ' ಎಂದು ಬರೆದೆ. ಬರೆದ ಮೇಲೆ ಅದೇ ಪದ ಕಾಡತೊಡಗಿತು.

ಆಕಾಶವಾಣಿಗೆ ಅದು ಹೇಳಿ ಮಾಡಿಸಿದ ಪದ. ಮೈದಾನದಲ್ಲಿ ಕೂತು ನೋಡುವವನೊಬ್ಬ, ಮನೆಯಲ್ಲಿ ಕೇಳುವವರು ನೂರಾರು. ವೀಕ್ಷಕ ಅವನೇ, ವಿವರಣೆಯೂ ಅವನದೇ. 'ಬೌಲರ್ ಓಡಿ ಬಂದರು, ಚೆಂಡು ಆಫ್ ಸ್ಟಂಪಿನ ಹೊರಗೆ, ಬ್ಯಾಟ್ಸ್‌ಮನ್ ಆಡದೆ ಬಿಟ್ಟರು' ಎನ್ನದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಟಿವಿ ಬಂದ ಮೇಲೆ ವೀಕ್ಷಕರು ನಾವಾದೆವು. ಕಣ್ಣೆದುರಿಗೇ ಇರುವುದನ್ನು ಮತ್ತೆ ವಿವರಿಸುವುದೇನು? ಬೆನೊ ಹೆಸರು ಮಾಡಿದ್ದೇ ಇಲ್ಲಿ. ಪರದೆಯ ಮೇಲೆ ಕಾಣುವುದಕ್ಕೆ ಸೇರಿಸಲು ಏನಾದರೂ ಇದ್ದರೆ ಮಾತು, ಇಲ್ಲವಾದರೆ ಸುಮ್ಮನಿರುವುದು ಅವರ ಪದ್ಧತಿ. (ಈಗಿನ ಕೆಲವರು ಪುರಾಣ ಹಚ್ಚಿದರೆ ಓವರ್ ಮುಗಿದರೂ ನಿಲ್ಲಿಸುವುದಿಲ್ಲ, ಆ ಮಾತು ಬೇರೆ.)

'ಪ್ರಸಾರಕ' ಎಂದರೆ ಹಕ್ಕು ಕೊಂಡ ಕಂಪನಿ ಎಂದಾಗುತ್ತದೆ. 'ಟೀಕಾಕಾರ' ಹಿಂದೆ ಕಾವ್ಯಕ್ಕೆ ಅರ್ಥ ಬರೆದವರಿಗೆ ಸಲ್ಲುತ್ತಿತ್ತು. ಇಂದು ಬಳಸಿದರೆ ಬೆನೊ ಎಲ್ಲರನ್ನೂ ಬೈಯುತ್ತ ಕೂತಿದ್ದರು ಅನ್ನಿಸೀತು. 'ವಿಶ್ಲೇಷಕ' ಚುನಾವಣೆ ಫಲಿತಾಂಶದ ದಿನ ಸ್ಟುಡಿಯೋಕ್ಕೆ ಬರುವವರ ಪಾಲಾಗಿದೆ.

ನನಗೆ ಒಪ್ಪಿಗೆಯಾಗುವುದು 'ವ್ಯಾಖ್ಯಾನಕಾರ'. ಕುಮಾರವ್ಯಾಸನ ಗದುಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಮಕ ವಾಚನದಲ್ಲಿ ಒಬ್ಬರು ಅವನ ಭಾರತದ ಷಟ್ಪದಿಯನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕಾಮೆಂಟ್ರಿ ಬಾಕ್ಸಿನಲ್ಲೂ ಇದೇ ಜೋಡಿ: ಚೆಂಡು ಚೆಂಡಿಗೆ ಆಟ ಹೇಳುವವರು ಒಬ್ಬರು, ಅದು ಹಾಗೇಕೆ ಆಯಿತು ಎಂದು ಬಿಡಿಸುವ ಹಳೆಯ ಆಟಗಾರ ಇನ್ನೊಬ್ಬರು. ಗದಗದವರೇ ಆದ ಸ್ಪಿನ್ನರ್ ಸುನೀಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದರಲ್ಲ, ವಿಕೆಟ್ ಬಿತ್ತು ಎನ್ನಲು ಯಾರಾದರೂ ಸಾಕು. ಚೆಂಡು ಗಾಳಿಯಲ್ಲಿ ಎಲ್ಲಿ ತಡೆಯಿತು, ಬ್ಯಾಟ್ಸ್‌ಮನ್ ಯಾಕೆ ಮೊದಲೇ ಕಾಲು ಮುಂದಿಟ್ಟ ಎನ್ನಲು ಸ್ಪಿನ್ ಹಾಕಿದ ಕೈಯೇ ಬೇಕು.

ಆದರೆ ಕ್ಲಬ್ಬಿನ ಹುಡುಗರು 'ವ್ಯಾಖ್ಯಾನಕಾರ ಅಂದ್ರ ಮಠದಾಗ ಪ್ರವಚನ ಮಾಡಾವ್ರೇನ್ರಿ?' ಅಂತಾರೆ. ಅವರಿಗೆ 'ಕಾಮೆಂಟ್ರಿ ಹೇಳಾವ್ರು' ಅಂದರೆ ಮುಗಿಯಿತು. ಮಾತಿಗೆ ಅದು ಸಾಕು, ತಲೆಬರಹಕ್ಕೆ ಹೊಂದುವುದಿಲ್ಲ.

ಹಾವೇರಿ ಕಡೆಯವರಿಗೆ ಒಂದು ಪ್ರಶ್ನೆ: ಹೋರಿ ಬೆದರಿಸುವ ಸ್ಪರ್ಧೆಯಲ್ಲಿ, ಕುಸ್ತಿ ಕಣದಲ್ಲಿ ಮೈಕ್ ಹಿಡಿದು ಒಂದೇ ಸಮನೆ ಮಾತಾಡುವವರಿಗೆ ನಿಮ್ಮಲ್ಲಿ ಏನೆನ್ನುತ್ತಾರೆ? ಅಲ್ಲೊಂದು ಒಳ್ಳೆಯ ಪದ ಇದ್ದರೆ ಬೆನೊಗೂ ಅದನ್ನೇ ಹಚ್ಚೋಣ.