ಕಲಿಸಿದವರೆಲ್ಲ ಆರೇ ತಿಂಗಳಿಗೆ ಬಿಟ್ಟು ಹೋಗುತ್ತಾರೆ, ಏನು ಮಾಡಲಿ?

ಪ್ರಶ್ನೆ: ತಾಲೂಕು ಕೇಂದ್ರದ 80 ಹಾಸಿಗೆಯ ಆಸ್ಪತ್ರೆಯಲ್ಲಿ ಫಾರ್ಮಸಿ ನೋಡಿಕೊಳ್ಳುತ್ತೇನೆ. ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಮುಗಿಸಿದ ಹುಡುಗರು ಸೇರುತ್ತಾರೆ, ಕೆಲಸ ಕೈಗೆ ಹತ್ತುವಷ್ಟರಲ್ಲಿ ಹೊರಟುಬಿಡುತ್ತಾರೆ. ನೀವೆಲ್ಲ ಹೇಗೆ ಕಲಿಸುತ್ತೀರಿ, ಹೇಗೆ ಉಳಿಸಿಕೊಳ್ಳುತ್ತೀರಿ?

ಉತ್ತರ: ಮೇಡಂ, 14 ವರ್ಷದಿಂದ ಇದೇ ಪಾಡು ನನ್ನದೂ. ಡಿ.ಫಾರ್ಮಾದಲ್ಲಿ 500 ಗಂಟೆ ಪ್ರಾಯೋಗಿಕ ತರಬೇತಿ ಇದೆ. ಆದರೆ ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನ ಅದನ್ನು ಗುರುತಿನವರ ಮೆಡಿಕಲ್ ಶಾಪಿನಲ್ಲಿ ಸಹಿ ಹಾಕಿಸಿಕೊಂಡು ಮುಗಿಸಿದವರು. ವಾರ್ಡಿನ ಇಂಡೆಂಟ್, ಅಂದರೆ ಔಷಧಿ ಬೇಕೆಂದು ವಾರ್ಡಿನಿಂದ ಬರುವ ಚೀಟಿ, ಕಣ್ಣಿಂದಲೂ ನೋಡಿರುವುದಿಲ್ಲ. ಹಾಗಾಗಿ ಮೊದಲ ಎರಡು ವಾರ ಕೌಂಟರ್ ಇಲ್ಲ, ಬರೀ ರ‍್ಯಾಕ್ ಜೋಡಿಸುವುದು. ಬೇಗ ಎಕ್ಸ್‌ಪೈರಿ ಆಗುವುದು ಮುಂದಕ್ಕೆ. ಹೆಸರು ಒಂದೇ ಥರ ಇರುವ ಡೋಪಮಿನ್ ಪಕ್ಕ ಡೊಬುಟಮಿನ್ ಇಡಬಾರದು ಅನ್ನುವುದು ಕೈಗೇ ಗೊತ್ತಾಗಬೇಕು. ಫ್ರಿಜ್ 2ರಿಂದ 8 ಡಿಗ್ರಿ ಒಳಗಿದೆಯಾ ಅಂತ ಬರೆಯುವುದೂ ಅವರೇ. ಆಮೇಲೆ ಎಚ್1 ರಿಜಿಸ್ಟರ್, ಅಂದರೆ ಕೆಲವು ಆಂಟಿಬಯೋಟಿಕ್ ಥರದ ನಿಗಾ ಇಡಬೇಕಾದ ಔಷಧಿ ಯಾರಿಗೆ ಕೊಟ್ಟೆವು ಅಂತ ಬರೆಯುವುದು. 3 ವರ್ಷ ಇಡಬೇಕಾದ ಪುಸ್ತಕ ಅದು.

ಉಳಿಸಿಕೊಳ್ಳಲು ಸಂಬಳ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮಲ್ಲಿ ಜಾಸ್ತಿ ಜನ ಬಿಟ್ಟದ್ದು, ಸ್ಟಾಕ್ ಕಡಿಮೆ ಬಂದಾಗ ಸಂಬಳದಲ್ಲಿ ಹಿಡಿಯುತ್ತಿದ್ದದ್ದಕ್ಕೆ. ರಾತ್ರಿ ಸಿಸ್ಟರ್ ಓಡಿ ಬಂದು, "ಇಂಡೆಂಟ್ ಆಮೇಲೆ ಕಳಿಸುತ್ತೇನೆ" ಅಂತ ಇಂಜೆಕ್ಷನ್ ಒಯ್ಯುತ್ತಾರೆ. ಬೆಳಿಗ್ಗೆ ಮರೆಯುತ್ತಾರೆ. ತಿಂಗಳ ಕೊನೆಗೆ ಅದು ನೈಟ್ ಡ್ಯೂಟಿ ಹುಡುಗನ ತಲೆಗೆ. ನಾನೂ ಇದನ್ನು ಕೆಲವು ವರ್ಷ ನೋಡಿಕೊಂಡು ಸುಮ್ನಿದ್ದೆ, ನೆನೆದರೆ ನಾಚಿಕೆಯಾಗುತ್ತದೆ. ಕೊನೆಗೆ ಕೌಂಟರಿನಲ್ಲಿ ಒಂದು ಕೈಗಡದ ಪುಸ್ತಕ ಇಟ್ಟೆ. ಒಯ್ದವರು ಸಹಿ ಮಾಡಬೇಕು, ಬೆಳಿಗ್ಗೆ 8ಕ್ಕೆ ಲೆಕ್ಕ ಚುಕ್ತಾ. ಸಂಬಳ ಹಿಡಿಯುವುದು ನಿಂತಿತು. ಆಮೇಲೆ ಸೇರಿದ ನಾಲ್ವರಲ್ಲಿ ಮೂವರು ಇನ್ನೂ ಇದ್ದಾರೆ.

ಇನ್ನೊಬ್ಬರು: ನಾನು ಬಿಟ್ಟು ಹೋದವಳು, ಆ ಕಡೆಯದನ್ನೂ ಕೇಳಿ. ಎರಡು ವರ್ಷ ಬರೀ ಡಿಸ್ಚಾರ್ಜ್ ಬಿಲ್. ವಾರ್ಡಿನಿಂದ ಬಳಸದೆ ಉಳಿದ ರಿಟರ್ನ್ ಔಷಧಿ ಬರದೆ ಬಿಲ್ ತಡವಾದರೂ ಬೈಗುಳ ನಮಗೇ. ಐಸಿಯು ಫಾರ್ಮಸಿಗೆ ಹಾಕಿ ಅಂತ ಮೂರು ಸಲ ಕೇಳಿದೆ. ಅಲ್ಲಿಗೆ ಪದವಿ ಮಾಡಿದ ಬಿ.ಫಾರ್ಮಾದವರೇ ಬೇಕು ಎಂದರು. ನಾನೂ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಅಲ್ವಾ? ಈಗಿರುವಲ್ಲಿ ಸಂಬಳ 500 ರೂಪಾಯಿಯಷ್ಟೇ ಜಾಸ್ತಿ. ಆದರೆ ಮೂರು ತಿಂಗಳಿಗೊಮ್ಮೆ ಜಾಗ ಬದಲಾಗುತ್ತದೆ: ಕೌಂಟರ್, ಸ್ಟೋರ್, ಆಪರೇಷನ್ ಥಿಯೇಟರ್.

ಕೇಳಿದವರು: ಕೈಗಡದ ಪುಸ್ತಕ ನಾಳೆಯೇ ಶುರು ಮಾಡುತ್ತೇನೆ ಸರ್. ನೋವಿಗೆ ಕೊಡುವ, ಚಟ ಹತ್ತಿಸಬಲ್ಲ ಮಾರ್ಫಿನ್, ಫೆಂಟಾನಿಲ್‌ಗೂ ಅದೇ ನಡೆಯುತ್ತದಾ?

ಮೊದಲ ಉತ್ತರದವರು: ಅಯ್ಯೋ, ಬೇಡವೇ ಬೇಡ! ಅವು ಎರಡು ಬೀಗದ ಕಪಾಟಿನಲ್ಲೇ ಇರಲಿ. ಡಾಕ್ಟರ ಚೀಟಿ ಇಲ್ಲದೆ ಒಂದು ಆಂಪೂಲ್ ಕೂಡ ಹೊರಗೆ ಬರಬಾರದು. ಖಾಲಿ ಆಂಪೂಲ್ ವಾಪಸ್ ತಂದರೆ ಮಾತ್ರ ನಮ್ಮಲ್ಲಿ ಮುಂದಿನದು.