ಸ್ವಂತ ತರಗತಿಯನ್ನೇ ಅಧ್ಯಯನ ಮಾಡುವ ಪಿಎಚ್‌.ಡಿ. ವಿದ್ಯಾರ್ಥಿ: ಗೈಡ್ ಎಲ್ಲಿ ತಡೆಯಬೇಕು?

ಒಬ್ಬ ಗೈಡ್ ಕೇಳಿದ ಪ್ರಶ್ನೆ, ಅದಕ್ಕೆ ಮೂವರ ಉತ್ತರ. ಎಲ್ಲರೂ ಬಳಸಿರುವುದು ಅಡ್ಡಹೆಸರು.

ಮೂರನೇ ಕರಡು ಕೇಳಿದ್ದು:

ನನ್ನದು ಭೌತಶಾಸ್ತ್ರ. ಆದರೆ ಈಗ ನನ್ನ ಬಳಿ ಇರುವ ಒಬ್ಬ ಸಂಶೋಧನಾರ್ಥಿಯ ವಿಷಯ ಕಾಲೇಜು ಮಟ್ಟದ ಬೋಧನೆ. ತಾವೇ ಪಾಠ ಮಾಡುವ ಎರಡು ಸೆಕ್ಷನ್, ತಲಾ 60 ವಿದ್ಯಾರ್ಥಿಗಳು. ಒಂದಕ್ಕೆ ಮಾಮೂಲಿ ಉಪನ್ಯಾಸ. ಇನ್ನೊಂದರವರು ಮೊದಲೇ ವಿಡಿಯೊ ನೋಡಿ ಬಂದು ತರಗತಿಯಲ್ಲಿ ಲೆಕ್ಕ ಬಿಡಿಸಬೇಕು. ಪ್ರೀ-ಟೆಸ್ಟ್, ಪೋಸ್ಟ್-ಟೆಸ್ಟ್, ಫೀಡ್‌ಬ್ಯಾಕ್ ಫಾರ್ಮ್, ಕೊನೆಗೆ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವೋ ಎಂದು ನೋಡುವ ಲೆಕ್ಕ). ಸಿನಾಪ್ಸಿಸ್‌ನಲ್ಲಿ ಇರುವುದು ಇಷ್ಟೇ. ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಆಗುತ್ತಿಲ್ಲ. ಡೇಟಾ ಸಂಗ್ರಹಕ್ಕೆ ಇನ್ನೂ ಒಂದು ಸೆಮಿಸ್ಟರ್ ಸಮಯವಿದೆ.

ಇನ್ನೊಂದು ತೊಂದರೆ: ಕರಡಿಗೆ ಕಾಮೆಂಟ್ ಹಾಕಿ ಕೊಟ್ಟರೆ ಅಷ್ಟನ್ನು ಮಾತ್ರ ತಿದ್ದಿ ತರುತ್ತಾರೆ. ವಾದ ಇದ್ದಲ್ಲೇ ಇರುತ್ತದೆ.

ಅಳತೆಗೋಲು:

ಬೆರಳಿಡಬೇಕಾದ ಜಾಗ ಆ ಟಿ-ಟೆಸ್ಟ್. ಅದು 120 ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಎಂದುಕೊಂಡು ಲೆಕ್ಕ ಹಾಕುತ್ತದೆ. ಒಂದೇ ಸೆಕ್ಷನ್‌ನವರು ಒಂದೇ ಹೊತ್ತಿನಲ್ಲಿ, ಒಂದೇ ಗೆಳೆಯರ ಗುಂಪಿನ ಜೊತೆ ಕಲಿಯುತ್ತಾರೆ, ಹಾಗಾಗಿ ಅವರ ಅಂಕಗಳೂ ಒಂದಿಷ್ಟು ಒಟ್ಟಿಗೆ ಏರಿಳಿಯುತ್ತವೆ. ಇದರಿಂದ ಮಾಹಿತಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದರ ಸೂತ್ರ ಸರಳ: 1 + (ಸೆಕ್ಷನ್ ಗಾತ್ರ − 1) × ಒಳಸಂಬಂಧದ ಗುಣಾಂಕ (ಒಂದೇ ಸೆಕ್ಷನ್‌ನವರ ಅಂಕಗಳು ಎಷ್ಟು ಒಂದೇ ತರ ಇವೆ ಎನ್ನುವ ಅಳತೆ). ಗುಣಾಂಕ ಬರೀ 0.05 ಇದ್ದರೂ 1 + 59 × 0.05 = 3.95. 120ನ್ನು ಇದರಿಂದ ಭಾಗಿಸಿ, ಉಳಿಯುವುದು ಸುಮಾರು 30 ಜನರಷ್ಟು ಮಾಹಿತಿ. ಅದಕ್ಕಿಂತ ದೊಡ್ಡ ತೊಡಕು, ಪ್ರತಿ ಪದ್ಧತಿಗೂ ಸಿಕ್ಕಿರುವುದು ಒಂದೊಂದೇ ಸೆಕ್ಷನ್. ಬಂದ ವ್ಯತ್ಯಾಸ ಪದ್ಧತಿಯದೋ ಸೆಕ್ಷನ್‌ನದೋ ಅಂತ ಯಾವ ಸಾಫ್ಟ್‌ವೇರೂ ಬಿಡಿಸಿ ಹೇಳಲಾರದು.

ಜೊತೆಗೆ ಎರಡು ಸೋರಿಕೆ. ವಿಡಿಯೊ ಲಿಂಕ್ ಮೊದಲ ವಾರದಲ್ಲೇ ಇನ್ನೊಂದು ಸೆಕ್ಷನ್‌ನ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಎರಡನೆಯದು, ವಿಡಿಯೊ ನೋಡುವವರು ವಾರಕ್ಕೆ ಒಂದೆರಡು ಗಂಟೆ ಹೆಚ್ಚಿಗೆ ಓದಿದಂತಾಗುತ್ತದೆ. ಉಪನ್ಯಾಸದ ಸೆಕ್ಷನ್‌ಗೂ ಅಷ್ಟೇ ಹೊತ್ತಿನ ಮನೆಕೆಲಸ ಕೊಡದಿದ್ದರೆ ನೀವು ಅಳೆಯುವುದು ಸಮಯವನ್ನು, ಪದ್ಧತಿಯನ್ನಲ್ಲ.

ಗಳಿಕೆ ತೋರಿಸಲು ಭೌತಶಾಸ್ತ್ರದವರಿಗೆ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಹೇಕ್ ಅವರ ಸೂತ್ರ ಗೊತ್ತೇ ಇರುತ್ತದೆ: ಏರಿದ ಅಂಕವನ್ನು, ಏರಲು ಉಳಿದಿದ್ದ ಅಂಕದಿಂದ ಭಾಗಿಸುವುದು. ಸರಾಸರಿ 40ರಿಂದ 58ಕ್ಕೆ ಹೋದರೆ 18/60 = 0.30. ಅವರ 1998ರ ಲೇಖನದ 62 ಕೋರ್ಸ್‌ಗಳಲ್ಲಿ ಸಾಂಪ್ರದಾಯಿಕ ಬೋಧನೆಯದು ಸರಾಸರಿ 0.23, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡ ಬೋಧನೆಯದು 0.48. ಆದರೆ ಇದನ್ನು ಒಬ್ಬೊಬ್ಬರಿಗೇ ಲೆಕ್ಕ ಹಾಕಲು ಹೋದರೆ ಪ್ರೀ-ಟೆಸ್ಟ್‌ನಲ್ಲಿ 95 ತೆಗೆದು ಆಮೇಲೆ 90ಕ್ಕೆ ಇಳಿದವರಿಗೆ −1 ಬರುತ್ತದೆ. ಅಂಥ ನಾಲ್ಕು ಜನ ಸಾಕು ಸರಾಸರಿ ಕೆಡಲು. ಪೋಸ್ಟ್-ಟೆಸ್ಟ್ ಅಂಕವನ್ನೇ ಫಲಿತಾಂಶವಾಗಿಟ್ಟು, ಪ್ರೀ-ಟೆಸ್ಟನ್ನು ಸಹಚರವಾಗಿ (ಆರಂಭದಲ್ಲೇ ಇದ್ದ ವ್ಯತ್ಯಾಸವನ್ನು ಸರಿದೂಗಿಸಲು) ಹಾಕುವ ವಿಶ್ಲೇಷಣೆ ವಾಸಿ. ಎರಡೂ ಪರೀಕ್ಷೆ ಬರೆದವರನ್ನು ಮಾತ್ರ ಸೇರಿಸಿ. ಮಧ್ಯದಲ್ಲಿ ಬಿಟ್ಟುಹೋದವರ ಪ್ರೀ-ಟೆಸ್ಟ್ ಸರಾಸರಿಯನ್ನು ಬೇರೆಯಾಗಿ ಕೊಡಿ, ಏಕೆಂದರೆ ಬಿಟ್ಟುಹೋಗುವವರು ಸಾಮಾನ್ಯವಾಗಿ ಕಡಿಮೆ ಅಂಕದವರು.

ವಿನ್ಯಾಸ ಹೀಗೆ ಬದಲಾಯಿಸಬಹುದು: ಪಠ್ಯದ ನಾಲ್ಕು ಘಟಕ ತೆಗೆದುಕೊಳ್ಳಿ. 1 ಮತ್ತು 3ರಲ್ಲಿ ಮೊದಲ ಸೆಕ್ಷನ್‌ಗೆ ಹೊಸ ಪದ್ಧತಿ, 2 ಮತ್ತು 4ರಲ್ಲಿ ಎರಡನೆಯದಕ್ಕೆ. ಪ್ರತಿ ಸೆಕ್ಷನ್ ತನಗೆ ತಾನೇ ಹೋಲಿಕೆಯಾಗುತ್ತದೆ.

ಅಂಚಿನ ಟಿಪ್ಪಣಿ:

ಅಂಕಿಗಳಿಗಿಂತ ಮೊದಲು ವಿದ್ಯಾರ್ಥಿಗಳ ಒಪ್ಪಿಗೆ ಪತ್ರ ನೋಡಿ. ಇಂಟರ್ನಲ್ ಅಂಕ ಹಾಕುವವರೇ ಬಂದು ‘ಇಷ್ಟವಿದ್ದರೆ ಮಾತ್ರ ಸಹಿ ಮಾಡಿ’ ಅಂದರೆ ಯಾರು ಬೇಡ ಅಂತಾರೆ? ಪಾಠ ಎಲ್ಲರಿಗೂ ನಡೆಯುತ್ತದೆ, ಒಪ್ಪಿಗೆ ಬೇಕಿರುವುದು ಅವರ ಡೇಟಾ ಬಳಸಲು ಮಾತ್ರ ಎಂದು ಪತ್ರದಲ್ಲೇ ಬರೆದಿರಲಿ. ಸಹಿ ಪಡೆಯುವ ಹೊತ್ತಿಗೆ ಪಾಠ ಮಾಡುವವರು ಕೋಣೆಯಲ್ಲಿ ಇರಬಾರದು. ಪತ್ರಗಳು ಮುಚ್ಚಿದ ಲಕೋಟೆಯಲ್ಲಿ ಬೇರೊಬ್ಬರ ಬಳಿ ಇದ್ದು, ಅಂತಿಮ ಅಂಕ ಪ್ರಕಟವಾದ ಮೇಲಷ್ಟೇ ತೆರೆಯಬೇಕು. ಒಬ್ಬರದೇ ಪ್ರೀ ಮತ್ತು ಪೋಸ್ಟ್ ಜೋಡಿಸುವ ಕೋಡ್ (ಹೆಸರಿನ ಬದಲು ಬಳಸುವ ಗುರುತು) ಪಟ್ಟಿಯೂ ಅವರ ಹತ್ತಿರವೇ ಇರಲಿ. ವಿದ್ಯಾರ್ಥಿಗಳೇ ಕೋಡ್ ಸೃಷ್ಟಿಸಿಕೊಳ್ಳಲಿ ಅಂತ ಬಿಟ್ಟರೆ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಎಷ್ಟೋ ಜನ ಮರೆತಿರುತ್ತಾರೆ. ವಿದ್ಯಾರ್ಥಿಗಳ ಸಂದರ್ಶನ ಇದ್ದರೆ ಅದನ್ನೂ ಬೇರೆಯವರೇ ಮಾಡಬೇಕು.

ಫೀಡ್‌ಬ್ಯಾಕ್ ಫಾರ್ಮ್ ಕಲಿಕೆಯ ಅಳತೆಯಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ರಿಯ ಕಲಿಕೆಯ ಗುಂಪಿನವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಲಿತದ್ದು ಕಡಿಮೆ ಎಂದುಕೊಂಡರು. ನುಣುಪಾದ ಉಪನ್ಯಾಸ ಕೇಳಿದಾಗ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ, ತಿಣುಕಾಡಿ ಲೆಕ್ಕ ಬಿಡಿಸುವಾಗ ಹಾಗನ್ನಿಸುವುದಿಲ್ಲ.

ಸಂದರ್ಶನದ ಕೋಡಿಂಗ್, ಅಂದರೆ ವಿದ್ಯಾರ್ಥಿಗಳ ಮಾತಿಗೆ ಅರ್ಥ ಹೇಳುವ ಚೀಟಿ ಹಚ್ಚುವುದರ ಬಗ್ಗೆ ಒಂದು ಮಾತು. ‘ವಿಡಿಯೊ ನೋಡ್ಕೊಂಡೇ ಬಂದಿದ್ದೆ, ಕ್ಲಾಸಲ್ಲಿ ಮೊದಲ ಸ್ಟೆಪ್ ಏನು ಅಂತಾನೇ ಹೊಳೀಲಿಲ್ಲ’ ಎಂಬಂಥ ಮಾತಿಗೆ ‘ವಿಡಿಯೊ ಬಗ್ಗೆ ಅಭಿಪ್ರಾಯ’ ಅಂತ ಚೀಟಿ ಅಂಟಿಸಿದರೆ ಏನೂ ಹೇಳಿದಂತಾಗಲಿಲ್ಲ, ಅದು ಪ್ರಶ್ನಾವಳಿಯ ತಲೆಬರಹವಷ್ಟೆ. ‘ನೋಡಿದ್ದು ಗೊತ್ತು, ಆರಂಭಿಸಲು ಗೊತ್ತಿಲ್ಲ’ ಅನ್ನುವುದು ಕೋಡ್. ಕ್ರಿಯಾಪದ ಇಲ್ಲದ ಕೋಡ್ ಕಂಡರೆ ವಾಪಸ್ ಕಳಿಸಿ.

ಮೂರನೇ ಕರಡು:

ಘಟಕ ಅದಲುಬದಲು ಮಾಡುವುದು ಹಿಡಿಸಿತು. ಪ್ರತಿ ಘಟಕಕ್ಕೂ ಬೇರೆ ಪರೀಕ್ಷೆ ಬೇಕಾಗುತ್ತದಲ್ಲವೇ?

ಅಳತೆಗೋಲು:

ಹೌದು, ಒಂದೊಂದಕ್ಕೆ 8ರಿಂದ 10 ಪ್ರಶ್ನೆ ಸಾಕು. ಕೋರ್ಸ್ ಮುಗಿಸಿದ ಹಿಂದಿನ ಬ್ಯಾಚಿನ 30 ಜನರ ಮೇಲೆ ಮೊದಲೇ ಪ್ರಯೋಗಿಸಿ. ಶೇ. 90ರಷ್ಟು ಜನ ಸರಿ ಉತ್ತರಿಸುವ ಪ್ರಶ್ನೆಯನ್ನೂ, ಚೆನ್ನಾಗಿ ಓದುವವರೇ ಹೆಚ್ಚಾಗಿ ತಪ್ಪುವ ಪ್ರಶ್ನೆಯನ್ನೂ ತೆಗೆದುಹಾಕಿ. ಎರಡನೇ ಬಗೆಯಲ್ಲಿ ಬಹುಪಾಲು ಪ್ರಶ್ನೆಯ ಭಾಷೆಯೇ ಗೊಂದಲಮಯವಾಗಿರುತ್ತದೆ.

ಕೆಂಪು ಶಾಯಿ:

ಅದಲುಬದಲಿಗೆ ನನ್ನದೊಂದು ತಕರಾರು. ಮೂರನೇ ಘಟಕ ಎರಡನೆಯದರ ಮೇಲೆ ನಿಂತಿದ್ದರೆ, ಅಥವಾ ಮೊದಲ ಘಟಕದಲ್ಲಿ ಕಲಿತ ಓದುವ ಕ್ರಮವನ್ನು ವಿದ್ಯಾರ್ಥಿಗಳು ಉಪನ್ಯಾಸದ ಘಟಕಕ್ಕೂ ಹೊತ್ತು ತಂದರೆ, ಹೋಲಿಕೆ ಕಲಸಿಹೋಗುತ್ತದೆ. ಒಂದನ್ನೊಂದು ಅವಲಂಬಿಸದ ಘಟಕಗಳಿದ್ದರೆ ಮಾತ್ರ ಮಾಡಿ.

ನನ್ನನ್ನು ಕೇಳಿದರೆ ಬದಲಾಗಬೇಕಾದ್ದು ಪ್ರಶ್ನೆಯೇ. ‘ಈ ಪದ್ಧತಿ ಪರಿಣಾಮಕಾರಿಯೇ?’ ಎಂಬುದಕ್ಕೆ 2014ರಲ್ಲೇ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ಉತ್ತರ ಕೊಟ್ಟಿದ್ದಾರೆ: ಉಪನ್ಯಾಸದಲ್ಲಿ ಸರಾಸರಿ ಶೇ. 33.8 ಮಂದಿ ಫೇಲ್, ಸಕ್ರಿಯ ಕಲಿಕೆಯಲ್ಲಿ ಶೇ. 21.8. ಇವರದು 226ನೆಯದಾಗಿ ಏನು ಸಾಧಿಸಬೇಕು? ಬದಲಿಗೆ ಇಂಥದ್ದನ್ನು ಕೇಳಲಿ: ವಿಡಿಯೊ ನೋಡದೆ ಬಂದವರು ತರಗತಿಯ ಮೊದಲ ಹತ್ತು ನಿಮಿಷ ಏನು ಮಾಡುತ್ತಾರೆ, ಗುಂಪಿನಲ್ಲಿ ಪೆನ್ನು ಯಾರ ಕೈಯಲ್ಲಿರುತ್ತದೆ, ಲೆಕ್ಕ ಯಾವ ಹಂತದಲ್ಲಿ ನಿಲ್ಲುತ್ತದೆ. ಇವಕ್ಕೆ ಎರಡು ಸೆಕ್ಷನ್ ಧಾರಾಳ ಸಾಕು, ಕೈಗೆ ಬರುವ ಡೇಟಾ ಕೂಡ ಶ್ರೀಮಂತವಾಗಿರುತ್ತದೆ.

ಕರಡಿನ ವಿಷಯ. ಮೊದಲ ಓದಿನಲ್ಲಿ ಕಾಗುಣಿತ, ವಾಕ್ಯ ಮುಟ್ಟಲೇಬೇಡಿ. ನಲವತ್ತು ಕಾಮೆಂಟ್ ಕಂಡವರು ಸುಲಭವಾದ ಮೂವತ್ತೈದನ್ನು ತಿದ್ದಿ ತರುತ್ತಾರೆ, ಅದು ಮನುಷ್ಯ ಸಹಜ. ಅದರ ಬದಲು ಅಧ್ಯಾಯದ ಪ್ರತಿ ಪ್ಯಾರಾ ಏನು ಹೇಳುತ್ತದೆಂದು ಪಕ್ಕದಲ್ಲಿ ಒಂದೊಂದು ಸಾಲು ಬರೆದು ತರಲು ಹೇಳಿ. ಭೇಟಿಯಲ್ಲಿ ಆ ಸಾಲುಗಳನ್ನಷ್ಟೇ ಜೋರಾಗಿ ಓದಿಸಿ. ‘ಇವರು ಹೀಗಂದರು’, ‘ಅವರು ಹಾಗಂದರು’ ಅಂತಲೇ ಹನ್ನೆರಡು ಸಾಲು ಬಂದರೆ ವಾದ ಇಲ್ಲವೆಂದು ಅವರ ಕಿವಿಗೇ ಬೀಳುತ್ತದೆ, ನೀವು ಹೇಳಬೇಕಾಗಿಲ್ಲ. ಆಮೇಲೆ ಬರೆದು ಕೊಡುವ ಕಾಮೆಂಟ್ ಮೂರು ದಾಟದಿರಲಿ.

ಭೇಟಿಗೆ ಎರಡು ದಿನ ಮುಂಚೆ ಅರ್ಧ ಪುಟ ಕಳಿಸಲಿ: ಏನಾಯಿತು, ಎಲ್ಲಿ ಸಿಕ್ಕಿಕೊಂಡಿದೆ, ನಿಮ್ಮಿಂದ ಯಾವ ತೀರ್ಮಾನ ಬೇಕು. ಭೇಟಿಯ ನಡಾವಳಿಯನ್ನು ಅವರೇ ಬರೆದು ಮಾರನೇ ದಿನದೊಳಗೆ ಕಳಿಸಬೇಕು. ನೀವು ಹೇಳಿದ್ದು ಒಂದು, ಅವರು ಕೇಳಿಸಿಕೊಂಡದ್ದು ಇನ್ನೊಂದು ಆಗಿದ್ದರೆ ಅದು ಈ ಹಾಳೆಯಲ್ಲೇ ಗೊತ್ತಾಗುತ್ತದೆ, ಮುಂದಿನ ಕರಡಿನವರೆಗೆ ಕಾಯಬೇಕಾಗಿಲ್ಲ.