ಮ್ಯಾಗ್ನಾ ಕಾರ್ಟಾ ಮತ್ತು ಹಳೆಯ ಚರ್ಮಪತ್ರಗಳ ರಕ್ಷಣೆ: ದಾಖಲೆ ಸಂರಕ್ಷಕಿಯೊಂದಿಗೆ ಪ್ರಶ್ನೋತ್ತರ

ಕಾನೂನು ವಿದ್ಯಾರ್ಥಿನಿ: ಮೇಡಂ, 1215ರಲ್ಲಿ ರನ್ನಿಮೀಡ್‌ನಲ್ಲಿ ಇಂಗ್ಲೆಂಡಿನ ದೊರೆ ಜಾನ್ ಒಪ್ಪಿದ ಹಕ್ಕುಗಳ ಸನ್ನದು ಮ್ಯಾಗ್ನಾ ಕಾರ್ಟಾದ ಎಷ್ಟು ಪ್ರತಿಗಳು ಉಳಿದಿವೆ? ಅವುಗಳಲ್ಲಿ ಅವನ ಸಹಿ ಇದೆಯೇ?

ಸಂರಕ್ಷಕಿ: ಆ ವರ್ಷದ ನಾಲ್ಕು ಪ್ರತಿಗಳಿವೆ. ಎರಡು ಬ್ರಿಟಿಷ್ ಲೈಬ್ರರಿಯಲ್ಲಿ, ಉಳಿದವು ಸಾಲ್ಸ್‌ಬರಿ ಮತ್ತು ಲಿಂಕನ್‌ನಲ್ಲಿ. ಸಹಿ ಇಲ್ಲ, ಮೊಹರು ಹಾಕಲಾಗಿತ್ತು.

ಇಂಗ್ಲೆಂಡಿನ ಸದಸ್ಯ: ಇಲ್ಲಿ ಹಳೆಯ ವಸ್ತುಗಳ ಅಂಗಡಿಯಲ್ಲಿ ಕೊಂಡ, ಚರ್ಮದ ಮೇಲೆ ಬರೆದ ಜಮೀನು ಪತ್ರವೊಂದು ಸುಕ್ಕುಗಟ್ಟಿದೆ. ಒದ್ದೆ ಬಟ್ಟೆ ಹೊದಿಸಿ ಇಸ್ತ್ರಿ ಮಾಡಿ ಬೇವಿನೆಣ್ಣೆ ಸವರಬೇಕು, ಮ್ಯಾಗ್ನಾ ಕಾರ್ಟಾವನ್ನೂ ಹೀಗೆಯೇ ಉಳಿಸಿದರು ಎಂದು ಈ ಗುಂಪಿನಲ್ಲೇ ಬಂದ ಸಂದೇಶ ಹೇಳುತ್ತದೆ. ನಿಜವೇ?

ಸಂರಕ್ಷಕಿ: ದಯವಿಟ್ಟು ಇಸ್ತ್ರಿ ಪೆಟ್ಟಿಗೆಯನ್ನು ಅದರ ಹತ್ತಿರವೂ ತರಬೇಡಿ. ಸುಣ್ಣದ ನೀರಿನಲ್ಲಿ ನೆನೆಸಿ, ಚೌಕಟ್ಟಿಗೆ ಬಿಗಿದು, ಹೆರೆದು ಒಣಗಿಸಿದ ಕುರಿಯ ತೊಗಲು ಅದು. ತೇವವೂ ಬಿಸಿಯೂ ಒಟ್ಟಿಗೆ ತಗುಲಿದರೆ ಮುದುಡಿ ಅಂಟಂಟಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಬ್ರಿಟಿಷ್ ಲೈಬ್ರರಿಯ ಒಂದು ಪ್ರತಿ 1731ರಲ್ಲಿ ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸ್‌ನ ಬೆಂಕಿಗೆ ಸಿಕ್ಕಿ, ಅದರ ಮೊಹರು ಕರಗಿ ಮುದ್ದೆಯಾಯಿತು. ಆದರೂ ಬಹುಪಾಲು ಅಕ್ಷರಗಳು ಉಳಿದಿದ್ದವು. ಜಾನ್ ಪೈನ್ 1733ರಲ್ಲಿ ಅದರ ಪಡಿಯಚ್ಚನ್ನು ಕೆತ್ತಿ ಮುದ್ರಿಸಿದ. ಮೂಲ ಪ್ರತಿಯನ್ನು ಬರಿಗಣ್ಣಿಗೆ ಹೆಚ್ಚುಕಡಿಮೆ ಓದಲಾಗದಂತೆ ಮಾಡಿದ್ದು 1830ರ ದಶಕದ ದುರಸ್ತಿ. ಬೆಂಕಿ ಬಿಟ್ಟುಹೋದದ್ದನ್ನು ಉಳಿಸಲು ಹೋದವರು ಕಳೆದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಈಚಿನ ವರ್ಷಗಳಲ್ಲಿ ಬೇರೆ ಬೇರೆ ತರಂಗಾಂತರಗಳ ಬೆಳಕಿನಲ್ಲಿ ಚಿತ್ರ ತೆಗೆದ ಮೇಲಷ್ಟೇ ಅಕ್ಷರಗಳು ಮತ್ತೆ ಕಂಡವು. ನಿಮ್ಮ ಪತ್ರದ ಸುಕ್ಕು ಹಾಗೆಯೇ ಇರಲಿ. ಆಮ್ಲರಹಿತ ಕಾಗದದ ನಡುವೆ, ಬೆಳಕು ಬೀಳದ, ತೇವಾಂಶ ಸುಮಾರು ಶೇ. 50ರಷ್ಟಿರುವ ಕಡೆ ಇಡಿ. ಎಣ್ಣೆ ಬೇಡ.

ನಿವೃತ್ತ ಶಿಕ್ಷಕ: ನಮ್ಮ ತಾಳೆಗರಿಗಳಿಗೆ ಎಣ್ಣೆ ಸವರುವುದಿಲ್ಲವೇ?

ಸಂರಕ್ಷಕಿ: ಅದು ಎಲೆ, ಇದು ತೊಗಲು. ಪರೀಕ್ಷಿಸದ ಮದ್ದುಗಳನ್ನು ಹಂಚಬೇಡಿ.

ವಕೀಲ: ಆ ಸನ್ನದನ್ನು ಪೋಪ್ ಮೂರನೇ ಇನ್ನೊಸೆಂಟ್ 1215ರ ಆಗಸ್ಟ್‌ನಲ್ಲೇ ರದ್ದುಗೊಳಿಸಿದ್ದರು. ಇಷ್ಟು ಆರಾಧನೆ ಏಕೆ?

ನಿವೃತ್ತ ಶಿಕ್ಷಕ: 1216, 1217 ಮತ್ತು 1225ರಲ್ಲಿ ಅದನ್ನು ಮರಳಿ ಹೊರಡಿಸಿದ್ದನ್ನು ಮರೆತಿರಾ? 1297ರ ರೂಪದ ಕೆಲವು ವಿಧಿಗಳು ಇಂದಿಗೂ ಇಂಗ್ಲೆಂಡಿನ ಕಾನೂನು. ನ್ಯಾಯಸಮ್ಮತ ತೀರ್ಪಿಲ್ಲದೆ ಸ್ವತಂತ್ರ ವ್ಯಕ್ತಿಯನ್ನು ಬಂಧಿಸಬಾರದೆಂಬುದು ಅವುಗಳಲ್ಲೊಂದು.

ವಕೀಲ: ಸ್ವತಂತ್ರ ವ್ಯಕ್ತಿ ಎಂದು ನೀವೇ ಬರೆದಿದ್ದೀರಿ. ಒಡೆಯನ ಜಮೀನಿಗೆ ಕಟ್ಟುಬಿದ್ದ ರೈತ ಅದರಲ್ಲಿ ಸೇರಿರಲಿಲ್ಲ.

ನಿವೃತ್ತ ಶಿಕ್ಷಕ: ನಿಮಗೆ ಎಲ್ಲದರಲ್ಲೂ ಕೊಂಕೇ ಕಾಣುತ್ತದೆ.

ವಕೀಲ: ಬೇವಿನೆಣ್ಣೆಯ ಸಂದೇಶ ಹಾಕಿದವರಿಂದ ಇತಿಹಾಸದ ಪಾಠ ನನಗೆ ಬೇಕಾಗಿಲ್ಲ.

ಗ್ರಂಥಪಾಲಕಿ: ಹಾರ್ವರ್ಡ್ 1946ರಲ್ಲಿ 27.50 ಡಾಲರ್‌ಗೆ ಕೊಂಡಿದ್ದ ಮ್ಯಾಗ್ನಾ ಕಾರ್ಟಾದ ‘ನಕಲು’ 1300ರ ಅಸಲಿ ಪ್ರತಿಯೆಂದು 2025ರಲ್ಲಿ ತಿಳಿಯಿತಲ್ಲ, ಅಂಥದ್ದನ್ನು ಗುರುತಿಸುವಾಗ ಶಾಯಿಯನ್ನೂ ಪರೀಕ್ಷಿಸುತ್ತಾರೆಯೇ?

ಹೊಸ ಸದಸ್ಯ: ಲ್ಯಾಮಿನೇಷನ್ ಮಾಡಿಸಬಹುದೇ? ಎಣ್ಣೆ ಸವರಬಹುದೇ?

ಸಂರಕ್ಷಕಿ: ಎರಡೂ ಬೇಡ.

ಇಂಗ್ಲೆಂಡಿನ ಸದಸ್ಯ: ಇಸ್ತ್ರಿಯ ಬದಲು ಕೆಟಲ್ ಹಬೆ ಹಿಡಿಯಬಹುದೇ, ಮೇಡಂ?

ಸಂರಕ್ಷಕಿ: ಹಬೆಯೆಂದರೂ ತೇವ ಮತ್ತು ಬಿಸಿಯೇ. ಮೇಲಿನ ಉತ್ತರವನ್ನು ಪೂರ್ತಿ ಓದಿದ ಮೇಲೆ ಕೇಳಿ.